‘ಅಡ್ಡಿಯಿಲ್ಲ’ ಮೀಮಾಂಸೆ

ಅಡ್ಡಿಯಿಲ್ಲ ಎಂಬುದು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಬದುಕಿನ ಸಕಲ ಸಂಗತಿಗಳನ್ನೂ ಅಳೆಯುವ ಮಾಪಕ. ಮಳೆ, ಮದುಮಗ, ಮೆಣಸಿನಕಾಯಿ, ಮಂತ್ರಿ, ಯಾವುದರ ಬಗ್ಗೆ ಕೇಳಿದರೂ ಬರುವ ಉತ್ತರ ಇದೊಂದೇ. ಬಿಡಿಸಿದರೆ ‘ಅಡ್ಡಿ’ ಮತ್ತು ‘ಇಲ್ಲ’. ಕೇಶಿರಾಜನ ಶಬ್ದಮಣಿದರ್ಪಣ ಓದಿಕೊಂಡವರು ನಡುವೆ ಯಕಾರವನ್ನು ತರುತ್ತಾರೆ. ಬೈಲಹೊಂಗಲದ ಪ್ಯಾಟಿಯಲ್ಲಿ ಅಷ್ಟು ಪುರುಸೊತ್ತಿಲ್ಲ. ಅಲ್ಲಿ ಲೋಪವಾಗಿ ‘ಅಡ್ಡಿಲ್ಲ’ ಆಗುತ್ತದೆ, ಹಿರಿಯರೆದುರು ‘ಅಡ್ಡಿಲ್ರಿ’. ಎಮ್ಮೆಯ ಬಗ್ಗೆ ಹೇಳುವಾಗಲೂ ಈ ‘ರಿ’ ಹತ್ತುತ್ತದೆ. ಗೌರವ ಎಮ್ಮೆಗಲ್ಲ, ಕೇಳಿದವರಿಗೆ.

ತರ್ಕಶಾಸ್ತ್ರದ ಪ್ರಕಾರ ಇದು ಅಭಾವ ಪದಾರ್ಥ. ನೈಯಾಯಿಕರು ಅಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಮೊದಲನೆಯದು ಪ್ರಾಗಭಾವ, ಅಂದರೆ ವಸ್ತು ಇನ್ನೂ ಹುಟ್ಟಿಲ್ಲ. ಹೆಸರು ಬಿತ್ತಿದ ಹೊಸತರಲ್ಲಿ ‘ಬೆಳಿ ಹೆಂಗೈತ್ರಿ?’ ಎಂದರೆ ‘ಅಡ್ಡಿಲ್ರಿ’ ಎನ್ನುವುದು ಈ ಅರ್ಥದಲ್ಲಿ: ಹುಳ ಇನ್ನೂ ಬಿದ್ದಿಲ್ಲ. ಎರಡನೆಯದು ಪ್ರಧ್ವಂಸಾಭಾವ, ಇದ್ದದ್ದು ನಾಶವಾಗಿದೆ. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ ಅಡ್ಡಿ ಅಡಿಗಿಮನಿಯ ತನಕ ಬಂದಿತ್ತು. ನೀರಿಳಿದು, ರಾಡಿ ಬಳಿದು ಹಾಕಿ, ಹಸಿ ಗೋಡೆಗೆ ಬೆನ್ನು ಕೊಟ್ಟು ಕೂತವರು ಬೀಗರ ಫೋನಿಗೆ ಹೇಳಿದ್ದೂ ‘ಈಗ ಅಡ್ಡಿಲ್ರಿ’ ಎಂದೇ. ಮೂರನೆಯದು ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಅಳಿಯ ಅಡ್ಡಿಯಲ್ಲ. ಈ ಉದಾಹರಣೆಯನ್ನು ಎಲ್ಲ ಮನೆತನಗಳೂ ಒಪ್ಪುವುದಿಲ್ಲ. ನಾಲ್ಕನೆಯದು ಅತ್ಯಂತಾಭಾವ, ಮೂರು ಕಾಲದಲ್ಲೂ ಅಡ್ಡಿಯೇ ಇಲ್ಲದ ಸ್ಥಿತಿ. ಮಲಪ್ರಭೆಯ ದಂಡೆಯಲ್ಲಿ ಇದನ್ನು ಕಂಡವರಿಲ್ಲ.

ಪದ ಒಂದೇ ಆದರೂ ತೂಕ ಹಲವು. ‘ಅಡ್ಡಿಲ್ಲ ಬಿಡು’ ಎಂದರೆ ಜಗಳ ಮುಗಿದಿದೆ, ಮರೆತಿಲ್ಲ. ಕುರ್ಚಿ ಮುಂದೆ ತಳ್ಳಿ ‘ಅಡ್ಡಿಲ್ರಿ, ಕೂಡ್ರಿ’ ಎಂದರೆ ಅಪ್ಪಣೆ. ‘ಅಡ್ಡಿಲ್ಲಲೇ ಮಗನ!’ ಎಂಬುದು ಪರಮೋಚ್ಚ ಪ್ರಶಸ್ತಿ. ಇದಕ್ಕೆ ಶಾಲು, ಹಾರ, ಸನ್ಮಾನಪತ್ರಗಳ ಖರ್ಚಿಲ್ಲ. ಎಣಗಾಯಿ ಪಲ್ಯದೊಂದಿಗೆ ಎರಡನೆಯ ರೊಟ್ಟಿ ಮುಗಿಸಿದ ಅತ್ತೆ, ಮೂರನೆಯದಕ್ಕೆ ಕೈಚಾಚುತ್ತ, ಸೊಸೆಯ ಕಡೆ ನೋಡದೆ ‘ಅಡ್ಡಿಲ್ಲ’ ಎಂದರೆ ಸೊಸೆ ಒಳಗೆ ಹೋಗಿ ತವರಿಗೆ ಫೋನ್ ಹಚ್ಚುತ್ತಾಳೆ. ಮೈಸೂರು ಕಡೆಯಿಂದ ವರ್ಗವಾಗಿ ಬಂದವರು ಮಾತ್ರ ಇದನ್ನು ತಮ್ಮ ‘ಪರವಾಗಿಲ್ಲ’ ಎಂದೇ ತಿಳಿದು ಕೆಲಕಾಲ ಕೊರಗುತ್ತಾರೆ. ಪರವಾಗಿಲ್ಲ ಎಂಬುದು ಸಮಾಧಾನ. ಅಡ್ಡಿಯಿಲ್ಲ ಎಂಬುದು ಸರ್ಟಿಫಿಕೇಟು.

ಹತ್ತಿಯ ವ್ಯಾಪಾರದಲ್ಲಿ ಪದ ಬಲು ಬಿಗಿ. ಕೊಳ್ಳುವವನು ಎಳೆ ಜಗ್ಗಿ ನೋಡುತ್ತಾನೆ, ಹಿಸುಕುತ್ತಾನೆ, ಮುಖ ಹುಳ್ಳಗೆ ಮಾಡುತ್ತಾನೆ. ‘ಅಡ್ಡಿಲ್ಲ’ ಎಂದುಬಿಟ್ಟರೆ ದರ ಏರುತ್ತದೆಂದು ಗೊತ್ತಿರುವುದರಿಂದ ಚೀಟಿ ಬರೆಯುವ ತನಕ ತುಟಿ ಬಿಚ್ಚುವುದಿಲ್ಲ. ಕನ್ಯಾ ನೋಡುವ ಶಾಸ್ತ್ರದಲ್ಲಿ ಇದಕ್ಕೆ ವಿರುದ್ಧ. ಅವಲಕ್ಕಿಯ ತಾಟು ಕೆಳಗಿಟ್ಟು ಹಿರಿಯ ಕಾಕಾ ‘ಅಡ್ಡಿಲ್ರಿ’ ಎನ್ನುತ್ತಾನೆ. ಅದು ಅವಲಕ್ಕಿಗೋ ಕನ್ಯಾಕ್ಕೋ ಎಂಬ ಸಂದೇಹ ತೀರುವ ಹೊತ್ತಿಗೆ ಮುಹೂರ್ತ ಗೊತ್ತಾಗಿರುತ್ತದೆ.

ಈ ಪದ ಬಾರದವರಿಗೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಪ್ರಬಲ ಸಾಕ್ಷ್ಯವಿದೆ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ; ಶಿವಲಿಂಗಪ್ಪನನ್ನು ದತ್ತು ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆಯಿಂದ ಕಿತ್ತೂರು ನಿರೀಕ್ಷಿಸಿದ್ದು ಈ ಒಂದೇ ಪದವನ್ನು. ಅವನು ಅಡ್ಡಿಯಿದೆ ಎಂದ, ಖಜಾನೆಗೆ ಮುದ್ರೆ ಹಾಕಿಸಿದ, ಪಡೆ ತಂದು ಕೋಟೆಯೆದುರು ನಿಂತ. ಅಕ್ಟೋಬರ್ 23ರಂದು ಅಲ್ಲೇ ಹತನಾದ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಬಂದು ಕೋಟೆ ಹಿಡಿಯಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಇಷ್ಟೂ ಅನಾಹುತವನ್ನು ವ್ಯಾಕರಣದ ಲೆಕ್ಕಕ್ಕೆ ಹಚ್ಚಲಾಗದು, ಕಂಪನಿಯ ಕಣ್ಣು ಖಜಾನೆಯ ಮೇಲಿತ್ತು. ಆದರೂ ಕಲೆಕ್ಟರರಿಗೆ ಸ್ಥಳೀಯ ಭಾಷಾ ಪರೀಕ್ಷೆಯಲ್ಲಿ ಏನನ್ನು ಕೇಳಬೇಕಿತ್ತೆಂಬುದು ಇದರಿಂದ ಸಿದ್ಧವಾಗುತ್ತದೆ.

ಉಳಿದದ್ದು ತುಂಬು ಬಾಳಿನ ಪ್ರಶ್ನೆ. ಅದಕ್ಕೆ ಏನೇನು ಇರಬೇಕು ಎಂದು ಬೇರೆ ದರ್ಶನಗಳು ಪಟ್ಟಿ ಮಾಡಿವೆ. ಈ ಸೀಮೆಯ ದರ್ಶನ ಏನೇನು ಇರಬಾರದು ಎಂದು ಬರೆಯಲು ಕೂತು, ಅದನ್ನೂ ಅರ್ಧಕ್ಕೆ ಬಿಟ್ಟು ಚಹಾಕ್ಕೆ ಎದ್ದಿದೆ. ನೋವಿಲ್ಲದಿರುವುದೇ ಪರಮ ಸುಖ ಎಂದ ಗ್ರೀಸಿನ ಎಪಿಕ್ಯೂರಸ್ ಹತ್ತಿರಕ್ಕೆ ಬಂದಿದ್ದ. ಆದರೆ ಅವನಿಗೆ ಅದಕ್ಕಾಗಿ ಅಥೆನ್ಸಿನಲ್ಲೊಂದು ತೋಟ ಬೇಕಾಯಿತು. ಇಲ್ಲಿ ಬಸ್ ಸ್ಟ್ಯಾಂಡಿನ ಕಟ್ಟೆ ಸಾಕು. ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿ, ಗದ್ದಲದಲ್ಲಿ ಚಪ್ಪಲಿ ಕಳೆದುಕೊಂಡು, ಬಿಸಿಲಲ್ಲಿ ಪಾಳಿ ನಿಂತು ಬಂದವರನ್ನು ‘ದರ್ಶನ ಹೆಂಗಾತ್ರಿ?’ ಎಂದು ಕೇಳಿದರೂ ಉತ್ತರದಲ್ಲಿ ಚಪ್ಪಲಿಯ ಸುದ್ದಿ ಇರುವುದಿಲ್ಲ.

ಪದಕ್ಕೆ ಭೂತಕಾಲವೂ ಉಂಟು. ‘ಮನಷ್ಯಾ ಅಡ್ಡಿದ್ದಿಲ್ಲ’ ಎಂಬ ಈ ರೂಪ ಮಣ್ಣು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತವರ ಬಾಯಲ್ಲಿ ಬರುತ್ತದೆ. ಸತ್ತವರ ಬಗ್ಗೆ ಕೆಟ್ಟದ್ದನ್ನಾಡಬಾರದೆಂಬ ಔದಾರ್ಯ ಇದಕ್ಕೆ ಕಾರಣವಲ್ಲ. ಹೋದವನು ಯಾರ್‍ಯಾರ ಸಾಲ ತೀರಿಸಿದ್ದ, ಬದು ಎಷ್ಟು ಒತ್ತಿದ್ದ ಎಂಬುದನ್ನು ವಿಚಾರಿಸಿಕೊಂಡ ಮೇಲೆಯೇ ಅದನ್ನು ಮಂಜೂರು ಮಾಡುತ್ತಾರೆ.