ಅವರೆಕಾಯಿ ಕಾಲದ ಬಾಕ್ಸಿಂಗ್

ನಮ್ಮ ಕಡೆ ಹೊಡೆದಾಟಕ್ಕೆ ಹೊರಟವರಿಗೆ ಮೊದಲು ಹೊಟ್ಟೆ ತುಂಬ ಇಕ್ಕುತ್ತಾರೆ. ಕುಸ್ತಿಗೆ ಹೋಗುವವನಿಗೆ ಬಾದಾಮಿ, ತುಪ್ಪ. ಜಮೀನಿನ ವ್ಯಾಜ್ಯಕ್ಕೆ ಮಧುಗಿರಿ ಕೋರ್ಟಿಗೆ ಹೋಗುವವನಿಗೆ ಮುದ್ದೆ, ಬಸ್ಸಾರು. ಇಂಥ ಊರಿಗೆ ನಮ್ಮ ಅಕ್ಕನ ಮಗಳು, ತುಮಕೂರಿನಲ್ಲಿ ಡಿಗ್ರಿ ಓದುವವಳು, ಬಾಕ್ಸಿಂಗ್ ಪಂದ್ಯಕ್ಕೆ ಹೆಸರು ಕೊಟ್ಟು ರಜೆಗೆ ಬಂದಳು. ಬಂದವಳೇ ತಟ್ಟೆಯ ಮುಂದೆ ಕೂತು, "ಅಮ್ಮ, ನಂಗೆ ಅರ್ಧ ಮುದ್ದೆ ಸಾಕು" ಅಂದಳು. ಅಕ್ಕ ಅವಳ ಹಣೆ ಮುಟ್ಟಿ ನೋಡಿದಳು.

ಜ್ವರ ಇರಲಿಲ್ಲ. 60 ಕೆ.ಜಿ. ವಿಭಾಗ ಇತ್ತು. ಪಂದ್ಯದ ದಿನ ಬೆಳಗ್ಗೆ ತೂಕ ಹಾಕುತ್ತಾರೆ, 60ರ ಮೇಲೆ ಮುಳ್ಳು ಅಲುಗಿದರೆ ಬಂದ ಬಸ್ಸಿನಲ್ಲೇ ವಾಪಸ್. ಹುಡುಗಿ ಆಗ 62ರ ಸುಮಾರಿನಲ್ಲಿದ್ದಳು. ಪಂದ್ಯ ಗೊತ್ತು ಮಾಡಿದ ಪುಣ್ಯಾತ್ಮರು ನಮ್ಮ ಸೀಮೆಯವರಲ್ಲ ಅನ್ನುವುದು ದಿನಾಂಕ ನೋಡಿದರೇ ಗೊತ್ತಾಗುತ್ತಿತ್ತು. ಸೊಗಡವರೆ ಕಾಲ. ಮನೆಮನೆಯಲ್ಲೂ ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು. ಆ ವಾಸನೆ ಬೀದಿಯಲ್ಲಿರುವಾಗ ತೂಕ ಇಳಿಸಿದವರು ನಮ್ಮೂರ ಚರಿತ್ರೆಯಲ್ಲೇ ಇಲ್ಲ.

ನಮ್ಮೂರಿಗೆ ಚರಿತ್ರೆಯೇನು ಕಡಿಮೆಯಲ್ಲ. ಮಧುಗಿರಿಯ ಪಾಳೆಯಗಾರರು ಕಟ್ಟಿಸಿದ ಕೋಟೆ ತಲೆಯ ಮೇಲೆಯೇ ಇದೆ. ಮರಾಠರೂ ಮೈಸೂರಿನವರೂ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡ ಕೋಟೆ. ಈಗ ಶನಿವಾರ ಭಾನುವಾರ ಬೆಂಗಳೂರಿನವರು ಅದನ್ನು ವಶಪಡಿಸಿಕೊಂಡು ಸಂಜೆಯೊಳಗೆ ಬಿಟ್ಟುಕೊಟ್ಟು ಹೋಗುತ್ತಾರೆ. ಕೋಚು ಹೇಳಿದ್ದ ಓಟಕ್ಕೆ ಹುಡುಗಿ ಆ ಬೆಟ್ಟವನ್ನೇ ಆರಿಸಿಕೊಂಡಳು. ಕತ್ತಲಲ್ಲಿ ಒಬ್ಬಳನ್ನೇ ಕಳಿಸುವುದು ಹೇಗೆ ಎಂದು ಅಕ್ಕ ನನ್ನನ್ನು ಜೊತೆಗೆ ಅಟ್ಟಿದಳು. ಅವಳು ತುದಿ ಮುಟ್ಟಿ ಇಳಿದು ಬರುವಾಗ ನಾನು ಮೊದಲ ಬಾಗಿಲ ಹತ್ತಿರ ಬಂಡೆಗೆ ಒರಗಿ ಕಾವಲು ಕಾಯುತ್ತಿರುತ್ತಿದ್ದೆ. ಕೋಟೆ ಅಂದ ಮೇಲೆ ಬಾಗಿಲಿಗೊಬ್ಬ ಕಾವಲುಗಾರ ಬೇಕಲ್ಲ!

ಗುದ್ದುವುದಕ್ಕೆ ಚೀಲ ಬೇಕಿತ್ತು. ಗೋಣಿಚೀಲಕ್ಕೆ ಮರಳು ತುಂಬಿ ಹುಣಸೆ ಮರಕ್ಕೆ ನೇತುಹಾಕಿದೆವು. ಮರಳು ಎರಡೇ ದಿನಕ್ಕೆ ಕೆಳಗೆ ಕೂತು ಕಲ್ಲಾಯಿತು. ಅದನ್ನು ಸುರಿದು ಹಳೇ ಸೀರೆ, ಚಿಂದಿ, ರಾಗಿ ಹೊಟ್ಟು ತುರುಕಿದ ಮೇಲೆ ಹದಕ್ಕೆ ಬಂತು. ಆದರೆ ಒಂದೊಂದು ಗುದ್ದಿಗೂ ಕೊಂಬೆ ಅಲುಗಿ, ಬಲಿಯದ ಹುಣಸೆಕಾಯಿ ಉದುರತೊಡಗಿತು. ಮರ ಗುತ್ತಿಗೆಗೆ ಹಿಡಿದವನು ಬಂದು ಸ್ವಲ್ಪ ಹೊತ್ತು ನಿಂತು ನೋಡಿದ. ಜಗಳ ತೆಗೆಯಲೆಂದೇ ಬಂದಿದ್ದ ಅನ್ನಿಸುತ್ತದೆ. ಅವಳ ಎಡಗೈ ಹುಕ್ಕು ಚೀಲದ ಪಕ್ಕೆಗೆ ಬಿದ್ದ ಸದ್ದು ಕೇಳಿ, "ನಡೀಲಿ, ನಡೀಲಿ" ಎಂದು ಹೊರಟುಹೋದ.

ಕೈಗೆ ಸುತ್ತುವ ಪಟ್ಟಿ ಇದೆಯಲ್ಲ, ಅದು ಒಂದೊಂದು ಕೈಗೆ ನಾಲ್ಕೂವರೆ ಮೀಟರ್. ನನ್ನ ಎಂಟು ಮೊಳದ ಪಂಚೆ ಅಷ್ಟುದ್ದ ಇಲ್ಲ. ಅಷ್ಟನ್ನೂ ಸುತ್ತಿ ಅದರ ಮೇಲೆ 10 ಔನ್ಸಿನ ಗ್ಲೌಸು, ಅಂದರೆ ಒಂದೊಂದು ಮುನ್ನೂರು ಗ್ರಾಮಿಗೆ ಸ್ವಲ್ಪ ಕಡಿಮೆ. ಅದನ್ನು ತೊಟ್ಟ ಮೇಲೆ ಮೂಗು ತುರಿಸಿದರೂ ಮಾವನನ್ನೇ ಕರೆಯಬೇಕು.

ಸುದ್ದಿ ತಿಳಿದು ಪೈಲ್ವಾನ್ ತಾತ ಕೋಲೂರಿಕೊಂಡು ಬಂದರು. ಪ್ರಾಯದಲ್ಲಿ ಗರಡಿಯಲ್ಲಿ ಸಾಮು, ಬಸ್ಕಿ ಹೊಡೆದವರು. "ಹೊಡೆದಾಟ ಅಂದ್ರೆ ಮೈಸೂರು ಅರಮನೇದು ಕಣಮ್ಮ" ಎಂದು ವಜ್ರಮುಷ್ಟಿ ಕಾಳಗದ ಕಥೆ ಶುರುಮಾಡಿದರು. ವಿಜಯದಶಮಿಯ ದಿನ ಜಂಬೂಸವಾರಿಗೆ ಮೊದಲು ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಯಲ್ಲಿ ಆಯುಧ ಹಿಡಿದು ಇಳಿಯುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದರೆ ಆಟ ಮುಗಿಯಿತು. ಅಕ್ಕ ಒಳಗಿನಿಂದ ಸೌಟು ಹಿಡಿದೇ ಓಡಿಬಂದಳು. ಅವಳನ್ನು ಹೆದರಿಸಿದ್ದು ರಕ್ತವಲ್ಲ. "ಇದ್ರಲ್ಲೂ ತಲೆ ಬೋಳಿಸ್ತಾರಾ? ಮುಂದಿನ ತಿಂಗಳು ನೋಡೋಕೆ ಬರ್ತಾರೆ ಕಣೋ!"

ನಾನು ಸಮಾಧಾನ ಹೇಳಿದೆ. ಇದರಲ್ಲಿ ಕೂದಲು ಇರುತ್ತದೆ, ಅದರ ಮೇಲೆ ಮೆತ್ತನೆಯ ಶಿರಸ್ತ್ರಾಣ ಇರುತ್ತದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲೂ ಗಂಡಸರು ಬರಿದಲೆಯಲ್ಲಿ ಆಡಿದರು, ಹೆಂಗಸರು ಶಿರಸ್ತ್ರಾಣ ಹಾಕಿಕೊಂಡೇ ಆಡಿದರು. 3 ನಿಮಿಷದ 3 ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು. ಒಟ್ಟು 9 ನಿಮಿಷ. ನಮ್ಮ ಬೀದಿ ನಲ್ಲಿಯ ಜಗಳಕ್ಕೆ ಹೋಲಿಸಿದರೆ ಏನೇನೂ ಅಲ್ಲ. 2012ರಲ್ಲಿ ಲಂಡನ್ನಿನಲ್ಲಿ ಮೇರಿ ಕೋಮ್ ಕಂಚು ಗೆದ್ದಾಗ ಅವರು ಆಗಲೇ ಎರಡು ಮಕ್ಕಳ ತಾಯಿ. ಈ ಕೊನೆಯ ಮಾತಿಗೆ ಅಕ್ಕ ಸ್ವಲ್ಪ ತಣ್ಣಗಾದಳು.

ಆ ನೆಮ್ಮದಿಯನ್ನು ಕೆಡಿಸಿದ್ದು ಅರ್ಜಿ. ವೈದ್ಯರ ಪ್ರಮಾಣಪತ್ರದ ಜೊತೆಗೆ, ತಾನು ಗರ್ಭಿಣಿಯಲ್ಲ ಎಂದೂ ಹುಡುಗಿ ಸಹಿ ಹಾಕಿ ಕೊಡಬೇಕಿತ್ತು. ಹೆಂಗಸರ ಬಾಕ್ಸಿಂಗಿನಲ್ಲಿ ಇದು ಮಾಮೂಲು ನಿಯಮ, ಹೊಟ್ಟೆಗೆ ಪೆಟ್ಟು ಬೀಳುವ ಆಟದಲ್ಲಿ ನ್ಯಾಯವಾದದ್ದೂ ಹೌದು. ಆದರೆ ಕೋಟೆಯ ಕೆಳಗಿನ ಮನೆಯ ಜಗಲಿಯಲ್ಲಿ ಕೂತು, ಮದುವೆ ವಯಸ್ಸಿನ ಹುಡುಗಿಯ ತಾಯಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳುವುದು ರಿಂಗಿಗೆ ಇಳಿಯುವುದಕ್ಕಿಂತ ಅಪಾಯದ ಕೆಲಸ. ನಾನು "ಆರೋಗ್ಯ ಚೆನ್ನಾಗಿದೆ ಅಂತ ಬರೆದಿದೆ" ಎಂದು ಓದಿದೆ.

ತಾತನಿಗೆ ಅಸಮಾಧಾನ ಉಳಿದಿದ್ದು ಊಟದ ವಿಚಾರದಲ್ಲಿ. ಉಪವಾಸ ಕೆಡವಿ ಹೊಡೆದಾಟಕ್ಕೆ ಕಳಿಸುವ ಆಟ ಯಾವ ಸೀಮೆದು ಅನ್ನುವುದು ಅವರ ಪ್ರಶ್ನೆ. ಕುಸ್ತಿಯಲ್ಲೂ ಹೀಗೇ ತಾತ, 2024ರಲ್ಲಿ ವಿನೇಶ್ ಫೋಗಟ್‌ಗೆ 100 ಗ್ರಾಂ ಜಾಸ್ತಿ ಆಗಿದ್ದಕ್ಕೆ ಒಲಿಂಪಿಕ್ ಫೈನಲ್ಲೇ ತಪ್ಪಿಹೋಯಿತು ಅಂದೆ. ತಾತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನೂರು ಗ್ರಾಂ ಅಂದ್ರೆ ಎಷ್ಟು ಬಾದಾಮಿ?" ಅಂದರು.

ತೂಕ ನೋಡಲು ನಮಗೆ ಸಿಕ್ಕಿದ್ದು ಕಡ್ಲೆಕಾಯಿ ವ್ಯಾಪಾರಿಯ ಮೂಟೆ ತೂಗುವ ಯಂತ್ರ. ಒಳ್ಳೆಯ ಮನುಷ್ಯ, ಕಾಸು ಕೇಳಲಿಲ್ಲ. ಮೊನ್ನೆ ಹುಡುಗಿ ಹತ್ತಿ ನಿಂತಾಗ 60 ಕೆ.ಜಿ. 700 ಗ್ರಾಂ ತೋರಿಸಿತು. ಅವನು ಕಣ್ಣು ಕಿರಿದು ಮಾಡಿ ನೋಡಿ, ಪುಸ್ತಕದಲ್ಲಿ 59.700 ಎಂದು ಬರೆದ. ಯಾಕಪ್ಪ ಅಂದರೆ, "ಚೀಲದ ಬಾಬ್ತು ಒಂದು ಕೆ.ಜಿ. ಕಳೆದಿದೀನಿ ಸ್ವಾಮಿ" ಅಂದ. ಇವನನ್ನೇ ತುಮಕೂರಿಗೆ ಕರೆದುಕೊಂಡು ಹೋದರೆ ಹೇಗೆ ಎಂದು ಅಕ್ಕ ಈಗಲೂ ಕೇಳುತ್ತಿದ್ದಾಳೆ.

ಪಂದ್ಯ ಬರುವ ಭಾನುವಾರ. ಮೂಲೆಯಲ್ಲಿ ನೀರು, ಟವೆಲ್ಲು ಹಿಡಿದು ನಿಲ್ಲುವ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ, ಕೋಚು ನನ್ನನ್ನು ಮೇಲಿಂದ ಕೆಳಗೆ ನೋಡಿ ಬೇರೆಯವರನ್ನು ಗೊತ್ತುಮಾಡಿದ್ದಾರೆ. ಊರಿನಿಂದ ಒಂದು ಟೆಂಪೋ ಜನ ಹೊರಟಿದ್ದಾರೆ, ಜಾಗ ಇನ್ನೂ ಇದೆ, ನೀವೂ ಬನ್ನಿ. ಕೂಗಿ, ಶಿಳ್ಳೆ ಹಾಕಿ, ಯಾರ ಅಭ್ಯಂತರವೂ ಇಲ್ಲ. ಹುಡುಗಿಗೆಂದು ತಿಂಡಿ ಡಬ್ಬಿ ತರುವವರು ಮಾತ್ರ ತೂಕ ಹಾಕುವುದು ಮುಗಿಯುವ ತನಕ ದಯವಿಟ್ಟು ಮುಚ್ಚಳ ತೆಗೆಯಬೇಡಿ.