ಫಾರ್ಮಸಿ ಪ್ರವೇಶ ಸಂದರ್ಶನದ ಏಕಸೂತ್ರತೆ: ಒಂದು ಕಿರುಭಾಷ್ಯ

ಅಮೆರಿಕದ ಫಾರ್ಮಸಿ ಕಾಲೇಜುಗಳ ಪ್ರವೇಶ ಸಂದರ್ಶನದಲ್ಲಿ ಏನೇನು ಕೇಳುತ್ತಾರೆಂದು ತಿಳಿಸುವ ಮಾರ್ಗದರ್ಶಿಗಳಿಗೆ ಬರವಿಲ್ಲ. ಅವೆಲ್ಲ ಪ್ರಶ್ನೆಗಳು ಹಲವು ಎಂಬ ಭ್ರಮೆಯಲ್ಲಿ ಬರೆದಂಥವು. ನಮ್ಮ ಪ್ರತಿಜ್ಞೆ ಬೇರೆ: ಪ್ರಶ್ನೆ ಒಂದೇ. ‘ಡಾಕ್ಟರಾಗದೆ ಇಲ್ಲಿಗೆ ಯಾಕೆ ಬಂದೆ?’ ಎಂಬುದು ಸೂತ್ರ. ಮಿಕ್ಕದ್ದೆಲ್ಲ ವೃತ್ತಿ, ವಾರ್ತಿಕ, ಟೀಕೆ. ‘ಫಾರ್ಮಸಿಯೇ ಯಾಕೆ?’ ಎಂಬುದು ಸೂತ್ರದ ಸೌಮ್ಯ ಪಾಠಾಂತರ. ‘ಹತ್ತು ವರ್ಷದ ಮೇಲೆ ಏನಾಗಿರಬೇಕೆಂದಿದ್ದೀರಿ?’ ಎಂದರೆ, ನಡುವೆ ಮೆಡಿಕಲ್ ಸೀಟು ಸಿಕ್ಕರೆ ಓಡಿಹೋಗುತ್ತೀರೋ ಎಂದರ್ಥ. ‘ನಿಮ್ಮ ದೌರ್ಬಲ್ಯ ಯಾವುದು?’ ಎಂಬುದನ್ನಂತೂ ಅಭ್ಯರ್ಥಿಯ ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂಕಗಳನ್ನು ಮುಂದಿಟ್ಟುಕೊಂಡೇ ಕೇಳುತ್ತಾರೆ. ಇದಕ್ಕೆಲ್ಲ ಶಿಷ್ಟಸಮ್ಮತ ಉತ್ತರವೂ ಒಂದೇ, ಅಜ್ಜಿ. ಅಜ್ಜಿಗೆ ದಿನಕ್ಕೆ ಏಳೆಂಟು ಮಾತ್ರೆ, ಯಾವುದು ಯಾಕೆಂದು ಬಿಡಿಸಿ ಹೇಳಿದವನು ಮೂಲೆಯ ಅಂಗಡಿಯ ಫಾರ್ಮಸಿಸ್ಟು, ಅಂದೇ ನಿರ್ಧರಿಸಿದೆ, ಇತ್ಯಾದಿ. (ಫಾರ್ಮಸಿಸ್ಟನಿಂದ ಉಪಕೃತರಾಗದ ಅಜ್ಜಿಯರ ಮೊಮ್ಮಕ್ಕಳು ಯಾವ ಕೋರ್ಸಿಗೆ ಹೋಗುತ್ತಾರೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.)

ಇದಕ್ಕೆ ಪ್ರಮಾಣವೇನು? ಮೊದಲು ಶಬ್ದಪ್ರಮಾಣ. ಅಲ್ಲಿ ಫಾರ್ಮಸಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎಸಿಪಿಇ 2016ರಲ್ಲಿ ಜಾರಿಗೆ ತಂದ ಮಾನದಂಡಗಳು ಸಂದರ್ಶನವನ್ನು ಕಡ್ಡಾಯಗೊಳಿಸಿ, ಅದರಲ್ಲಿ ನೋಡಬೇಕಾದದ್ದನ್ನೂ ಹೇಳಿದವು: ಮಾತಿನ ಕೌಶಲ, ವೃತ್ತಿಯ ತಿಳಿವಳಿಕೆ, ರೋಗಿಯ ಬಗ್ಗೆ ನಿಷ್ಠೆ. ವೃತ್ತಿಯ ತಿಳಿವಳಿಕೆ ಎಂದರೆ ಇದು ಡಾಕ್ಟರಿಕೆಯಲ್ಲ ಎಂಬ ತಿಳಿವಳಿಕೆ. ಭಾಷ್ಯಕಾರನಿಗೆ ಬೇರೆ ಅರ್ಥ ಹೊಳೆಯುತ್ತಿಲ್ಲ. ಇನ್ನು ಅನುಮಾನಪ್ರಮಾಣ. ಕನಿಷ್ಠ ಎರಡು ವರ್ಷ ಕಾಲೇಜು ಓದಿ, ಆಮೇಲೆ ಸಾಮಾನ್ಯವಾಗಿ ನಾಲ್ಕು ವರ್ಷ ಕಲಿತರೆ ಸಿಗುವ ಪದವಿಯ ಹೆಸರು ‘ಡಾಕ್ಟರ್ ಆಫ್ ಫಾರ್ಮಸಿ’. ಡಾಕ್ಟರ್ ಯಾಕಾಗಲಿಲ್ಲ ಎಂದು ಬಾಗಿಲಲ್ಲಿ ಕೇಳಿ, ಡಾಕ್ಟರ್ ಎಂದೇ ಬರೆದುಕೊಟ್ಟು ಕಳಿಸುವ ಸಂಸ್ಥೆಗೆ ಆ ಪ್ರಶ್ನೆ ಎಷ್ಟು ಆಳದಲ್ಲಿ ಕಾಡುತ್ತಿರಬೇಕು!

ಪೂರ್ವಪಕ್ಷದವರು ಇಲ್ಲಿ ಎಂಎಂಐಯನ್ನು, ಅಂದರೆ ಮಲ್ಟಿಪಲ್ ಮಿನಿ ಇಂಟರ್‌ವ್ಯೂ ಎಂಬ ಕಿರುಸಂದರ್ಶನಗಳ ಸಾಲನ್ನು, ಮುಂದೊಡ್ಡುತ್ತಾರೆ. ಹಲವು ಕಾಲೇಜುಗಳಲ್ಲಿ ಈಗ ಸಮಿತಿಯೆದುರು ಕೂರುವ ಬದಲು ಒಂದೊಂದೇ ಕೋಣೆಗೆ ಹೋಗಬೇಕು. ಬಾಗಿಲಿಗೆ ಅಂಟಿಸಿದ ಸನ್ನಿವೇಶವನ್ನು ಒಂದೆರಡು ನಿಮಿಷದಲ್ಲಿ ಓದಿ, ಒಳಗೆ ಕೆಲವು ನಿಮಿಷ ಮಾತಾಡಿ, ಗಂಟೆ ಬಾರಿಸಿದೊಡನೆ ಮುಂದಿನ ಬಾಗಿಲಿಗೆ ಹೊರಡಬೇಕು. ಸಹಪಾಠಿ ಕಾಪಿ ಹೊಡೆದದ್ದು ಕಂಡರೆ? ಇನ್ಸುಲಿನ್‌ಗೆ ದುಡ್ಡಿಲ್ಲದವರು ಬಂದರೆ? ಕಾಗದ ಮಡಚುವ ವಿಧಾನವನ್ನು ಬೆನ್ನು ತಿರುಗಿಸಿ ಕೂತವನಿಗೆ ಬರೀ ಬಾಯಲ್ಲಿ ಹೇಳಿ ತೋರಿಸಿ! ಇದರಲ್ಲಿ ಡಾಕ್ಟರು ಎಲ್ಲಿದ್ದಾರೆ ಎನ್ನುತ್ತಾರೆ. ಬುಡದಲ್ಲೇ ಇದ್ದಾರೆ. ಈ ಪದ್ಧತಿ ಹುಟ್ಟಿದ್ದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳನ್ನು ಆರಿಸುವುದಕ್ಕೆ. ಹೀಗೆ ಎರವಲು ತಂದ ಕೋಣೆಗಳಲ್ಲಿ ಒಂದರೊಳಗೆ ‘ವೈದ್ಯರು ಬರೆದ ಡೋಸ್ ಮಿತಿ ಮೀರಿದೆ, ಏನು ಮಾಡುವಿರಿ?’ ಎಂಬ ಪ್ರಶ್ನೆ ಎದುರಾದರೆ, ವೈದ್ಯರಿಗೆ ಅವಮಾನವಾಗದಂತೆ, ರೋಗಿಗೆ ಗಾಬರಿಯಾಗದಂತೆ ಫೋನ್ ಮಾಡುತ್ತೇನೆ ಎನ್ನಬೇಕು. ಆ ಫೋನಿನ ಈಚೆ ತುದಿಯಲ್ಲಿ ಆಯುಷ್ಯವಿಡೀ ನಿಲ್ಲಲು ಒಪ್ಪಿಗೆಯೇ ಎಂಬುದೇ ಮೂಲಸೂತ್ರ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. 2000ದ ಸುಮಾರಿಗೆ ಎಂಬತ್ತರಷ್ಟಿದ್ದ ಕಾಲೇಜುಗಳು ಎರಡು ದಶಕದಲ್ಲಿ ನೂರನಲವತ್ತು ದಾಟಿದವು, ಅರ್ಜಿಗಳು ಮಾತ್ರ ಇಳಿದವು. ಪಿಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯೇ 2024ರಲ್ಲಿ ಮುಗಿದುಹೋಯಿತು. ಸೀಟು ಖಾಲಿಯಿರುವಾಗ ಸಂದರ್ಶನವೆಂದರೆ, ಕಂಡಕ್ಟರು ‘ಬನ್ನಿ ಬನ್ನಿ’ ಎಂದು ಕೂಗಿ ಹತ್ತಿಸಿಕೊಂಡು, ಮೆಟ್ಟಿಲ ಮೇಲೆ ನಿಲ್ಲಿಸಿ ‘ಆ ಊರಿಗೇ ಯಾಕೆ ಹೋಗಬೇಕು?’ ಎಂದು ವಿಚಾರಿಸಿದ ಹಾಗಲ್ಲವೇ? ಹೌದು, ಹಾಗೆಯೇ. ಅದಕ್ಕೇ ಸಂದರ್ಶನದ ದಿನ ಕ್ಯಾಂಪಸ್ ಸುತ್ತಾಟ, ಹಿರಿಯ ವಿದ್ಯಾರ್ಥಿಗಳ ಜೊತೆ ಊಟ, ನಗುಮುಖ. ಆದರೆ ಗಿರಾಕಿ ಕಡಿಮೆಯಾದಷ್ಟೂ ‘ನೀನು ನಿಜವಾಗಿ ನನಗಾಗಿಯೇ ಬಂದೆಯಾ?’ ಎಂಬ ಕಳವಳ ಹೆಚ್ಚುತ್ತದೆ. ಆಕ್ಷೇಪ ಸಿದ್ಧಾಂತಕ್ಕೇ ಸಾಕ್ಷಿಯಾಯಿತು.

ಕರ್ನಾಟಕದಲ್ಲಿ ಸಂದರ್ಶನವೇ ಇಲ್ಲವಲ್ಲ, ಸಿಇಟಿ ರ‍್ಯಾಂಕ್ ನೋಡಿ ಕೆಇಎ ಬಿ.ಫಾರ್ಮಾ ಸೀಟು ಹಂಚುತ್ತದೆ, ಅಲ್ಲಿ ಸೂತ್ರ ಎಲ್ಲಿ ಹೋಯಿತು ಎಂದು ಕೇಳಬಹುದು. ಎಲ್ಲೂ ಹೋಗಿಲ್ಲ, ಮದುವೆ ಮನೆಗೆ ವರ್ಗವಾಗಿದೆ. ‘ನೀಟ್ ಬರೀಲಿಲ್ವೇನೋ?’ ಎಂದು ಊಟದ ಪಂಕ್ತಿಯಲ್ಲಿ ಕೇಳುವ ಸೋದರಮಾವನಿಗೆ ಯಾವ ಮಂಡಳಿಯ ಮಾನ್ಯತೆಯೂ ಬೇಕಿಲ್ಲ. 2008ರಲ್ಲಿ ನಮ್ಮಲ್ಲೂ ಆರು ವರ್ಷದ ಫಾರ್ಮ್.ಡಿ. ಬಂದ ಮೇಲೆ ಅವರು ‘ಹಾಗಾದ್ರೆ ಡಾಕ್ಟರೇ ಅಂತಾಯ್ತು’ ಎಂದು ಮಧುಮೇಹದ ಚೀಟಿಯನ್ನೂ ತೆಗೆಯತೊಡಗಿದ್ದಾರೆ.

ಅಮೆರಿಕದ ಸಂದರ್ಶನದ ಕೊನೆಗೆ ‘ನೀವು ಕೇಳುವುದೇನಾದರೂ ಇದೆಯೇ?’ ಎಂಬ ಮಾತು ಬಂದೇ ಬರುತ್ತದೆ; ಇಲ್ಲ ಎಂದರೆ ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುತ್ತಾರೆ. ಆಗ ಅಭ್ಯರ್ಥಿ ವಿನಯದಿಂದ ಕೇಳಬೇಕಾದದ್ದು: ಲೈಸೆನ್ಸಿಗೆ ಬರೆಯುವ ನ್ಯಾಪ್ಲೆಕ್ಸ್ ಪರೀಕ್ಷೆಯನ್ನು ನಿಮ್ಮ ಕಾಲೇಜಿನವರು ಮೊದಲ ಯತ್ನದಲ್ಲಿ ನೂರಕ್ಕೆ ಎಷ್ಟು ಮಂದಿ ಪಾಸು ಮಾಡುತ್ತಾರೆ? ಇದಕ್ಕೆ ಮೇಜಿನ ಆಚೆ ಕಡೆಯವರು ತಮ್ಮ ಅಜ್ಜಿಯ ಕತೆ ತೆಗೆದರೆ ಬೇರೆ ಕಾಲೇಜು ನೋಡಿಕೊಳ್ಳುವುದು ಶಾಸ್ತ್ರಸಮ್ಮತ.