ಕಡ್ಡಿಗೊಂದು ಸಂಚಿ

ನಿಜ ಹೇಳಿ, ನಿಮ್ಮ ಕ್ರೋಶಾ ಕಡ್ಡಿ ಈಗ ಎಲ್ಲಿದೆ? ಯೋಚಿಸಬೇಡಿ, ತಟ್ಟನೆ ಹೇಳಿ. ಗೊತ್ತಿಲ್ಲ ತಾನೆ? ಒಂದು ಪೆನ್ ಸ್ಟ್ಯಾಂಡಲ್ಲಿದೆ, ಒಂದು ಸೋಫಾ ಸಂದಿಯಲ್ಲಿ. ಮೂರನೆಯದು ಸಿಂಕಿನ ಪಕ್ಕ (ಜಾಲರಿಗೆ ಸಿಕ್ಕ ಅನ್ನದಗುಳು ಎಳೆಯೋಕೆ ಇದಕ್ಕಿಂತ ಒಳ್ಳೇ ಆಯುಧ ಇಲ್ಲ ಅಂತ ನಿಮ್ಮ ಯಜಮಾನರು ಕಂಡುಹಿಡಿದಿದ್ದಾರೆ). ಸ್ವೆಟರ್ ಕಡ್ಡಿಯನ್ನಂತೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೈದುನ ಒಳಗೆ ತುರಿಸಿಕೊಳ್ಳೋಕೆ ಅಂತ ಒಯ್ದ. ವಾಪಸ್ ಬಂದಿಲ್ಲ. ಬಂದರೂ ನಿಮಗೆ ಬೇಡ ಬಿಡಿ.

ಅದಕ್ಕೇ ಬಟ್ಟೆಯದೊಂದು ಸಂಚಿ ಹೊಲೀಬೇಕು ಅಂತ ಹೊರಟಿದ್ದೀರಿ. ಭೇಷ್! ಬಟ್ಟೆ ಎಲ್ಲಿಂದ ಅಂತೀರಾ? ಬೀರು ತೆಗೀರಿ ಸ್ವಲ್ಪ. ಅರಿಶಿನ-ಕುಂಕುಮಕ್ಕೆ ಹೋದಲ್ಲೆಲ್ಲ ಕೊಟ್ಟ ಬ್ಲೌಸ್ ಪೀಸುಗಳು ಅಲ್ಲೇ ಇವೆಯಲ್ಲ (ಕೊಟ್ಟವರಿಗೇ ತಿರುಗಿ ಹೋಗದಿರಲಿ ಅಂತ ಹೆಸರಿನ ಚೀಟಿ ಸಿಕ್ಕಿಸಿದ್ದೀರಿ, ನಂಗೊತ್ತು). ಒಂದು ತಗೊಂಡು ಕತ್ತರಿ ಹಾಕಿ. ಯಾಕೆ, ಕೈ ಬರ್ತಿಲ್ವಾ? "ಇದು ಚೆನ್ನಾಗಿದೆ, ಯಾರಿಗಾದ್ರೂ ಕೊಡಬಹುದು" ಅನ್ನಿಸ್ತಾ? ಹಾಗಾದರೆ ಇನ್ನೂ ಹತ್ತು ವರ್ಷ ಅದು ಅಲ್ಲೇ ಇರುತ್ತೆ, ನೋಡ್ತಿರಿ.

ಅಂತೂ ಕತ್ತರಿಸಿದಿರಿ ಅಂತಿಟ್ಕೊಳ್ಳೋಣ. ಬರೀ ಬ್ಲೌಸ್ ಪೀಸು ಜೋಲು ಬೀಳುತ್ತೆ. ಒಳಗೆ ಕ್ಯಾನ್ವಾಸ್ ಹಾಕಿ, ಇಲ್ಲಾಂದ್ರೆ ಮಗನ ಹಳೇ ಜೀನ್ಸಿನ ಕಾಲು. ಕಡ್ಡಿ 35 ಸೆಂಟಿಮೀಟರ್ ಉದ್ದ ಇದ್ದರೆ ಬಟ್ಟೆ 50 ಆದರೂ ಬೇಕು. ಮೇಲಿನ 15 ಯಾಕೆ? ಕಡ್ಡಿಗಳ ತಲೆ ಮೇಲೆ ಸೆರಗು ಹೊದಿಸೋಕೆ! ಅದೊಂದು ಇಲ್ಲದಿದ್ದರೆ ಸಂಚಿ ತಲೆಕೆಳಗಾದ ಕೂಡಲೇ ಅಷ್ಟೂ ಕಡ್ಡಿ ನೆಲದ ಮೇಲೆ.

ಆಮೇಲೆ ಜೇಬು. ಕ್ರೋಶಾ ಕಡ್ಡಿಗೆ ಒಂದಿಂಚು ಅಗಲ ಸಾಕು, ಸ್ವೆಟರ್ ಕಡ್ಡಿ ಜೊತೆಗೆ ಒಂದೂವರೆ. ತೆಳ್ಳನೆ ಕಡ್ಡಿಯ ಮೊನೆ ಕೆಳಗಿಟ್ಟರೆ ಹೊಲಿಗೆ ತೂತಾಗುತ್ತೆ, ಮೇಲಿಡಿ. ಪಕ್ಕಕ್ಕೊಂದು ಲಾಡಿ ಹೊಲಿದು, ಸುರುಳಿ ಸುತ್ತಿ ಕಟ್ಟಿದರೆ ಆಯ್ತು. ಇಷ್ಟಕ್ಕೆ ನೀವು ವಾರಗಟ್ಟಲೆ ಯೂಟ್ಯೂಬ್ ನೋಡಿದ್ರಾ?

ನಿಮ್ಮಜ್ಜಿಯ ಎಲೆಯಡಿಕೆ ಸಂಚಿ ನೆನಪಿದೆಯಾ? ಎಲೆಗೊಂದು ಜೇಬು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೆ ಗುಟ್ಟಿನದೊಂದು (ತಾತನಿಗೆ ಕಾಣದ ಹಾಗೆ). ಲಾಡಿ ಎಳೆದರೆ ಬಾಯಿ ಬಂದ್, ಸೊಂಟಕ್ಕೆ ಸಿಕ್ಕಿಸಿದರೆ ಮುಗೀತು. ಕರೆಂಟಿಲ್ಲದ ರಾತ್ರೀಲೂ ಬೆರಳಿಗೆ ಸರಿಯಾದ ಜೇಬೇ ಸಿಗ್ತಿತ್ತು. ನಿಮಗೆ ಟಾರ್ಚ್ ಹಾಕಿದರೂ ಹತ್ತನೇ ನಂಬರ್ ಕಡ್ಡಿ ಸಿಗಲ್ಲ.

ಹಾಂ, ನಂಬರು! ನಮ್ಮ ಅಂಗಡಿಗಳಲ್ಲಿ ಇನ್ನೂ ಬ್ರಿಟಿಷರ ಹಳೇ ಲೆಕ್ಕ: 8ನೇ ನಂಬರು ಅಂದ್ರೆ 4 ಮಿಲಿಮೀಟರ್ ದಪ್ಪ, 10 ಅಂದ್ರೆ 3.25, 14 ಅಂದ್ರೆ ಬರೀ 2. ನಂಬರು ಏರಿದಷ್ಟೂ ಕಡ್ಡಿ ಸಣ್ಣ (ಡಯಟ್ ಮಾಡೋ ನಮಗೆ ಈ ಭಾಗ್ಯ ಇಲ್ಲ). ನ್ಯೂಜೆರ್ಸಿಯ ಮಗಳು ಪ್ರೀತಿಯಿಂದ ತಂದುಕೊಟ್ಟ 8ನೇ ನಂಬರು ಮಾತ್ರ 5 ಮಿಲಿಮೀಟರ್. ಅಮೆರಿಕದಲ್ಲಿ ಲೆಕ್ಕವೇ ಉಲ್ಟಾ. ಅದಕ್ಕೇ ಜೇಬಿನ ಮೇಲೆ ಮಿಲಿಮೀಟರ್ ಬರೆದುಬಿಡಿ ಅಂದೆ. ನೀವೋ, ಚೈನ್ ಸ್ಟಿಚ್ಚಲ್ಲಿ ಕಸೂತಿ ಹಾಕೋಕೆ ಕೂತಿರಿ! ಪಕ್ಕದಲ್ಲೊಂದು ಗುಲಾಬಿ ಬೇರೆ.

ಇನ್ನೊಂದು ಕೇಳಲಾ? ಮನೇಲಿರೋದು ಆರು ಜೊತೆ ಕಡ್ಡಿ. ಜೇಬು ಹೊಲಿದದ್ದು ಹನ್ನೆರಡು. "ಮುಂದೆ ಬೇಕಾಗುತ್ತೆ" ತಾನೆ? ಖಾಲಿ ಜೇಬು ಕಂಡರೆ ನಿಮಗೆ ನಿದ್ದೆ ಬರಲ್ಲ. ಚಿಕ್ಕಪೇಟೆಗೆ ಹೋದಿರಿ, ಸಾಕ್ಸ್ ಹೆಣೆಯೋ ಐದು ಕಡ್ಡಿ ಸೆಟ್ ತಂದಿರಿ (ಸಾಕ್ಸ್ ಹಾಕೋರು ಯಾರು ನಿಮ್ಮನೇಲಿ?). 80 ಸೆಂಟಿಮೀಟರಿನ ಸರ್ಕ್ಯುಲರ್ ಕಡ್ಡೀನೂ ತಂದಿರಿ. ಅದರ ಕೇಬಲ್ ಉದ್ದುದ್ದ ಜೇಬಲ್ಲಿ ಕೂರಲ್ಲ; ಚೌಕದ ಜೇಬೇ ಆಗಬೇಕು. ಅಂದರೆ ಇನ್ನೊಂದು ಸಂಚಿ. ಬ್ಲೌಸ್ ಪೀಸಿಗೇನು ಬರವೇ?

ಅಂತೂ ಎಲ್ಲ ಜೇಬೂ ತುಂಬಿತು, ಗುಲಾಬಿ ಇರೋ 4 ಮಿಲಿಮೀಟರಿಂದು ಬಿಟ್ಟು. ಆ ಕಡ್ಡಿ ಎಲ್ಲಿ? ಕಳೆದಿಲ್ಲ ಕಣ್ರೀ. ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಲ್ಲಿರೋ ಸ್ವೆಟರಿಗೇ ಸಿಕ್ಕಿಕೊಂಡಿದೆ, ಇನ್ನೊಂದು ತೋಳು ಬಾಕಿ. ಹುಟ್ಟೋ ಮಗೂಗೆ ಅಂತ ಶುರು ಮಾಡಿದ್ದು; ಆ ಮಗು ಈಗ ಎಸ್ಸೆಸ್ಸೆಲ್ಸಿ.

ತೋಳು ಮುಗಿಸ್ತೀರಾ? ಬಿಚ್ಚಿ ಉಂಡೆ ಸುತ್ತೀರಾ? ಎರಡೂ ಇಲ್ಲ, ಹೊಸದೊಂದು ಜೊತೆ ತರೋದು ಅಂತ ಆಗಲೇ ಚಪ್ಪಲಿ ಮೆಟ್ಟಿದ್ದೀರಿ. ಹೊರಡಿ, ಮನೇಲಿ ಕೇಳಿದರೆ ಹಾಲಿಗೆ ಅನ್ನಿ. ಹಾಲಿಗೆ ಚಿಕ್ಕಪೇಟೆವರೆಗೂ ಯಾಕೆ ಅಂದರೆ ಮಾತ್ರ ನನ್ನ ಹೆಸರು ಹೇಳಬೇಡಿ.